ರಷ್ಯದ ವಾಚು: ಮುಖ ನೋಡಿ ಮಣೆ ಹಾಕಬೇಡಿ

1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ‘ವೊಸ್ತೋಕ್’ ನೌಕೆಯಲ್ಲಿ ಭೂಮಿಗೆ ಒಂದು ಸುತ್ತು ಹಾಕಿ ಬಂದರು. ಇಡೀ ಪ್ರಯಾಣಕ್ಕೆ ಹಿಡಿದದ್ದು 108 ನಿಮಿಷ. ಆ ದಿನ ಅವರ ಮುಂಗೈಯಲ್ಲಿ ಇದ್ದದ್ದು ಮಾಸ್ಕೋದಲ್ಲಿ ತಯಾರಾದ ‘ಷ್ತುರ್ಮಾನ್‌ಸ್ಕಿಯೆ’ ಎಂಬ ಕೈಗಡಿಯಾರ. ಅದಕ್ಕೆ ಸೆಲ್ ಇರಲಿಲ್ಲ, ದಿನಕ್ಕೊಮ್ಮೆ ಕೀ ಕೊಟ್ಟರೆ ಓಡುವ ಸರಳ ಯಂತ್ರ ಅದು. ವಾಯುಪಡೆಯ ಪೈಲಟುಗಳಿಗೆಂದೇ ಮಾಡಿದ್ದ ಆ ವಾಚು ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ.

ಅದೇ 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ ತಯಾರಿಸಲು ಆರಂಭಿಸಿತು. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಕೆಲಸ ಸಿಕ್ಕ ಮಗಳಿಗೆ, ಮದುವೆಯ ಗಂಡಿಗೆ ಎಚ್‌ಎಂಟಿ ವಾಚು ಕೊಡಿಸುವುದು ಕರ್ನಾಟಕದ ಮನೆಮನೆಯ ಪದ್ಧತಿಯಾಗಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಆದರೂ ಕೀ ಕೊಡುವ ವಾಚಿನ ಮೋಹ ಹೋಗಿಲ್ಲ. ಮೊಬೈಲ್ ಹಿಡಿದು ಬೆಳೆದ ಕಾಲೇಜು ಹುಡುಗರೇ ಈಗ ‘ಟಿಕ್ ಟಿಕ್’ ಸದ್ದಿಗೆ ಕಿವಿಗೊಡುತ್ತಿದ್ದಾರೆ. ಸ್ವಿಸ್ ವಾಚಿನ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಹಾಗಾಗಿ ಅವರ ಕಣ್ಣು ರಷ್ಯದ ವಾಚಿನ ಮೇಲೆ ಬೀಳುತ್ತದೆ.

ಅಲ್ಲಿಂದಲೇ ತಾಪತ್ರಯವೂ ಶುರು. ಕೆಂಪು ನಕ್ಷತ್ರದ ಡಯಲ್, ಜಲಾಂತರ್ಗಾಮಿಯ ಚಿತ್ರದ ಡಯಲ್, ‘ಕೆಜಿಬಿ’ ಎಂದು ಬರೆದ ಡಯಲ್... ಒಂದಕ್ಕೆ ಎರಡು ಸಾವಿರ ಹೇಳಿದರೆ ಇನ್ನೊಂದಕ್ಕೆ ಇಪ್ಪತ್ತು ಸಾವಿರ. ಯಾವುದು ನಿಜ, ಯಾವುದು ನಕಲಿ? ಮಗ ಕೇಳಿದನೆಂದು ಅಪ್ಪ ಹಣ ಎಣಿಸಿ ಕೊಡುವ ಮೊದಲು ಇಬ್ಬರೂ ತಿಳಿದಿರಬೇಕಾದ ಸಂಗತಿಗಳು ಕೆಲವಿವೆ.

ಕೊಂಡು ತಂದ ವಿದ್ಯೆ

ಕ್ರಾಂತಿಯ ನಂತರದ ಸೋವಿಯತ್ ಒಕ್ಕೂಟಕ್ಕೆ ರೈಲು ಓಡಿಸಲು, ಕಾರ್ಖಾನೆಯ ಪಾಳಿ ನಡೆಸಲು, ಸೈನ್ಯ ಕಟ್ಟಲು ಗಡಿಯಾರಗಳು ಬೇಕಾಗಿದ್ದವು. ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಸ್ವಂತ ಉದ್ಯಮ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಅಮೆರಿಕದ ಓಹಿಯೊ ರಾಜ್ಯದ ಕ್ಯಾಂಟನ್ ಪಟ್ಟಣದ ಡ್ಯೂಬರ್–ಹ್ಯಾಂಪ್ಡನ್ ಎಂಬ ವಾಚು ಕಂಪನಿ ದಿವಾಳಿಯಾಗಿತ್ತು. ಅದರ ಯಂತ್ರಗಳನ್ನು ಸೋವಿಯತ್ ಸರ್ಕಾರ ಕೊಂಡು ಸಾಗಿಸಿತು. 1930ರಲ್ಲಿ ಮಾಸ್ಕೋದ ಮೊದಲ ವಾಚು ಕಾರ್ಖಾನೆ ಆರಂಭವಾಯಿತು. ಆ ಕಂಪನಿಯ ಇಪ್ಪತ್ತಕ್ಕೂ ಹೆಚ್ಚು ಮಂದಿ ಕುಶಲ ಕೆಲಸಗಾರರು ಮಾಸ್ಕೋಗೆ ಹೋಗಿ ಅಲ್ಲಿನವರಿಗೆ ಕೆಲಸ ಕಲಿಸಿದರು.

1941ರಲ್ಲಿ ಜರ್ಮನ್ ಸೈನ್ಯ ಮಾಸ್ಕೋದ ಹತ್ತಿರಕ್ಕೆ ಬಂತು. ಕಾರ್ಖಾನೆಗಳನ್ನು ಬಿಚ್ಚಿ ಪೂರ್ವಕ್ಕೆ ಸಾಗಿಸಲಾಯಿತು. ಮೊದಲ ಕಾರ್ಖಾನೆ ಉರಲ್ ಪ್ರದೇಶದ ಜ್ಲಾತಊಸ್ತ್‌ಗೆ ಹೋಯಿತು. ಎರಡನೆಯದು ಕಾಮಾ ನದಿಯ ದಡದ ಚಿಸ್ತೊಪೊಲ್ ಎಂಬ ಸಣ್ಣ ಊರಿಗೆ ಹೋಯಿತು. ಈ ಚಿಸ್ತೊಪೊಲ್‌ನಲ್ಲಿ ಬೇರು ಬಿಟ್ಟ ಕಾರ್ಖಾನೆಯೇ ಮುಂದೆ ‘ವೊಸ್ತೋಕ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಯುದ್ಧ ಮುಗಿದ ಮೇಲೆ ಜನಸಾಮಾನ್ಯರ ಕೈಗೆ ಬಂದ ವಾಚು ‘ಪೊಬೇದಾ’. ಹಾಗೆಂದರೆ ವಿಜಯ. ಅದರ ಯಂತ್ರದ ಮೂಲ ಫ್ರಾನ್ಸಿನ ಲಿಪ್ ಕಂಪನಿಯದು. ಅಮೆರಿಕದಿಂದ ಯಂತ್ರ, ಫ್ರಾನ್ಸಿನಿಂದ ವಿನ್ಯಾಸ ಎಂದು ಮೂಗು ಮುರಿಯಬೇಕಿಲ್ಲ. ಎಚ್‌ಎಂಟಿಯೂ ಜಪಾನಿನಿಂದ ಕಲಿತದ್ದೇ ತಾನೆ? ಕಲಿತದ್ದನ್ನು ತನ್ನದಾಗಿಸಿಕೊಳ್ಳುವುದೇ ಮುಖ್ಯ. ಸೋವಿಯತ್ ಎಂಜಿನಿಯರುಗಳು ಮುಂದೆ ಅದನ್ನು ಮಾಡಿ ತೋರಿಸಿದರು.

ಅವರ ದಾರಿ ಮಾತ್ರ ಸ್ವಿಸ್ ಕಂಪನಿಗಳ ದಾರಿಗಿಂತ ಬೇರೆ. ಅವರು ವರ್ಷಕ್ಕೊಂದು ಹೊಸ ಯಂತ್ರ ಮಾಡಲಿಲ್ಲ. ಚೆನ್ನಾಗಿ ಓಡುವ ಒಂದು ಯಂತ್ರವನ್ನು ಹಿಡಿದು ದಶಕಗಟ್ಟಲೆ, ಲಕ್ಷಗಟ್ಟಲೆ ತಯಾರಿಸಿದರು. ಬದಲಾದದ್ದು ಡಯಲ್, ಕೇಸು, ಪಟ್ಟಿ. ವಾಚು ಅಗ್ಗವಾದದ್ದಕ್ಕೂ, ಅದರ ಬಿಡಿಭಾಗ ಇವತ್ತಿಗೂ ಸಿಗುವುದಕ್ಕೂ ಇದೇ ಕಾರಣ. ಒಂದೇ ಯಂತ್ರಕ್ಕೆ ನೂರು ಮುಖ! ಆದ್ದರಿಂದ ರಷ್ಯದ ವಾಚನ್ನು ಮುಖ ನೋಡಿ ಅಳೆಯುವಂತಿಲ್ಲ, ಹೊಟ್ಟೆಯೊಳಗೆ ಏನಿದೆ ಎಂದು ನೋಡಬೇಕು.

ಹೆಸರು ಹಲವು, ಗುಣ ಹಲವು

ಮೊದಲು ಅಕ್ಷರದ ಪಾಠ. ರಷ್ಯನ್ ಲಿಪಿಯ ಕೆಲವು ಅಕ್ಷರಗಳು ಇಂಗ್ಲಿಷಿನಂತೆ ಕಂಡರೂ ಉಚ್ಚಾರ ಬೇರೆ. ‘ರಕೇತಾ’ ಎಂದು ಬರೆದಿರುವುದು ನಮ್ಮ ಕಣ್ಣಿಗೆ ‘ಪಾಕೇಟಾ’ ಆಗುತ್ತದೆ, ‘ವೊಸ್ತೋಕ್’ ಎಂಬುದು ‘ಬೊಕ್ಟೋಕ್’ ಆಗುತ್ತದೆ. ಡಯಲ್‌ನ ಬುಡದಲ್ಲಿ ‘ಸಿಸಿಸಿಪಿ’ ಎಂದು ಕಾಣುವುದು ‘ಎಸ್‌ಎಸ್‌ಎಸ್‌ಆರ್’, ಅಂದರೆ ಸೋವಿಯತ್ ಒಕ್ಕೂಟ. ಈ ಮಾತು ಅಸಲಿ ಡಯಲ್ ಮೇಲಿದ್ದರೆ ಅದು 1991ಕ್ಕೆ ಹಿಂದಿನದು ಎಂಬುದಕ್ಕೆ ಒಂದು ಸುಳಿವು.

ಪೊಬೇದಾ: 1946ರಿಂದ ಹಲವು ಕಾರ್ಖಾನೆಗಳಲ್ಲಿ ತಯಾರಾಯಿತು. ಸಣ್ಣ ಗಾತ್ರ, 15 ಜ್ಯುವೆಲ್, 6ರ ಅಂಕಿಯ ಮೇಲೆ ಸೆಕೆಂಡಿಗೆ ಪ್ರತ್ಯೇಕ ಪುಟ್ಟ ಡಯಲ್. ಅಜ್ಜನ ಕಾಲದ ಗಾಂಭೀರ್ಯ ಇದಕ್ಕಿದೆ. ಆದರೆ ಹಳೆಯ ಮಾದರಿಗಳಲ್ಲಿ ಆಘಾತ ತಡೆಯುವ ವ್ಯವಸ್ಥೆಯಿಲ್ಲ, ಕೈಜಾರಿ ಬಿದ್ದರೆ ಒಳಗಿನ ಅಚ್ಚು ಮುರಿಯಬಹುದು.

ವೊಸ್ತೋಕ್: ಹಾಗೆಂದರೆ ಪೂರ್ವ. ಈ ಕಾರ್ಖಾನೆ 1965ರಿಂದ ರಕ್ಷಣಾ ಖಾತೆಗೆ ವಾಚು ಒದಗಿಸುವ ಅಧಿಕೃತ ಕಾರ್ಖಾನೆಯಾಯಿತು. ಅಲ್ಲಿಂದ ಬಂದದ್ದು ‘ಕಮಾಂದಿರ್ಸ್ಕಿಯೆ’ ಸಾಲು. ಅದರ ಜತೆಗೇ ನಿಲ್ಲುವುದು 1967ರಲ್ಲಿ ಬಂದ ‘ಅಂಫೀಬಿಯಾ’, ಅಂದರೆ ಉಭಯಚರಿ. ಮಿಖಾಯಿಲ್ ನೋವಿಕೊವ್ ಮತ್ತು ವೇರಾ ಬೆಲೋವಾ ಎಂಬ ಎಂಜಿನಿಯರುಗಳು ರೂಪಿಸಿದ ಈ ವಾಚು 200 ಮೀಟರ್ ಆಳದವರೆಗೆ ನೀರು ತಡೆಯುವಂಥದು.

ಅಂಫೀಬಿಯಾದ ಗುಟ್ಟು ವಿಜ್ಞಾನದ ವಿದ್ಯಾರ್ಥಿಗಳು ನೋಡಲೇಬೇಕಾದದ್ದು. ಸಾಮಾನ್ಯ ವಾಚಿನ ಹಿಂಬದಿಯ ಮುಚ್ಚಳ ಬಾಟಲಿಯ ಬಿರಡೆಯಂತೆ ತಿರುಗಿಸಿ ಕೂರಿಸುವಂಥದು. ತಿರುಗಿಸುವಾಗ ಒಳಗಿನ ರಬ್ಬರು ತಿರುಚಿಕೊಳ್ಳುವ ಭಯ. ಇಲ್ಲಿ ಚಪ್ಪಟೆ ಮುಚ್ಚಳ ಅಗಲವಾದ ರಬ್ಬರಿನ ಮೇಲೆ ಸುಮ್ಮನೆ ಕೂರುತ್ತದೆ, ಅದನ್ನು ಬೇರೆಯೇ ಒಂದು ಬಳೆ ಹಿಡಿದು ಒತ್ತುತ್ತದೆ. ಆಳಕ್ಕೆ ಹೋದಂತೆ ನೀರಿನ ಒತ್ತಡವೇ ಮುಚ್ಚಳವನ್ನು ಇನ್ನಷ್ಟು ಬಿಗಿಯಾಗಿ ಅಮುಕುತ್ತದೆ. ಮೇಲಿನ ‘ಗಾಜು’ ನಿಜವಾಗಿ ದಪ್ಪ ಅಕ್ರಿಲಿಕ್. ಒತ್ತಡಕ್ಕೆ ಅದು ತುಸು ಬಾಗಿ ಅಂಚುಗಳನ್ನು ಮತ್ತಷ್ಟು ಭದ್ರ ಮಾಡುತ್ತದೆ. ಹೊರಗಿನ ವೈರಿಯನ್ನೇ ಕಾವಲಿಗೆ ನಿಲ್ಲಿಸಿಕೊಂಡ ಜಾಣತನ!

ರಕೇತಾ: ಸೇಂಟ್ ಪೀಟರ್ಸ್‌ಬರ್ಗ್ ಬಳಿಯ ಪೀಟರ್‌ಹೋಫ್‌ನ ಕಾರ್ಖಾನೆಯದು. ಕಾರ್ಖಾನೆಯ ಮೂಲ, 1721ರಲ್ಲಿ ಸಾಮ್ರಾಟ ಮಹಾನ್ ಪೀಟರ್ ಕಟ್ಟಿಸಿದ ಕಲ್ಲು ಕೊರೆಯುವ ಕಾರ್ಖಾನೆ. ಗಗಾರಿನ್ ಯಾನದ ನೆನಪಿಗೆ ವಾಚಿಗೆ ‘ರಾಕೆಟ್’ ಎಂಬ ಹೆಸರು ಬಂತು. ಹಳೆಯ ರಕೇತಾಗಳಲ್ಲಿ ಇರುವಷ್ಟು ವೈವಿಧ್ಯ ಬೇರೆಲ್ಲೂ ಕಡಿಮೆ. 12ರ ಜಾಗದಲ್ಲಿ ದೊಡ್ಡ ಸೊನ್ನೆ ಇರುವ ವಾಚು ಒಂದು. ಅಂಧರು ಬೆರಳಿನಿಂದ ಮುಟ್ಟಿ ನೋಡಲು ಗಾಜು ತೆರೆದುಕೊಳ್ಳುವ ವಾಚು ಇನ್ನೊಂದು. ತಿಂಗಳುಗಟ್ಟಲೆ ಹಗಲೋ ಇರುಳೋ ಮುಗಿಯದ ಧ್ರುವ ಪ್ರದೇಶದವರಿಗಾಗಿ 24 ಗಂಟೆಗಳ ಡಯಲ್ ಉಳ್ಳ ವಾಚು ಮತ್ತೊಂದು. ಇದರಲ್ಲಿ ಗಂಟೆಯ ಮುಳ್ಳು ದಿನಕ್ಕೆ ಒಂದೇ ಸುತ್ತು ಬರುತ್ತದೆ, ಮಧ್ಯಾಹ್ನದ 3ಕ್ಕೂ ರಾತ್ರಿಯ 3ಕ್ಕೂ ಗೊಂದಲವಿಲ್ಲ.

ಪೊಲ್ಯೋತ್: ಹಾಗೆಂದರೆ ಹಾರಾಟ. ಮಾಸ್ಕೋದ ಮೊದಲ ಕಾರ್ಖಾನೆಯ ಹೆಮ್ಮೆ. 1965ರ ಮಾರ್ಚ್ 18ರಂದು ನೌಕೆಯಿಂದ ಹೊರಬಂದು ಬಾಹ್ಯಾಕಾಶದಲ್ಲಿ ತೇಲಿದ ಮೊದಲ ಮಾನವ ಅಲೆಕ್ಸೇಯ್ ಲಿಯೊನೊವ್ ಅವರ ಕೈಯಲ್ಲಿ ಇದ್ದದ್ದು ಇದೇ ಕಾರ್ಖಾನೆಯ ‘ಸ್ತ್ರೆಲಾ’, ಅಂದರೆ ಬಾಣ. ಅದು ಕ್ರೊನೊಗ್ರಾಫ್, ಗುಂಡಿ ಒತ್ತಿ ಸೆಕೆಂಡುಗಳನ್ನು ಅಳೆಯುವ ವಾಚು. 1970ರ ದಶಕದಲ್ಲಿ ಸ್ವಿಸ್ ವಿನ್ಯಾಸವನ್ನು ಆಧರಿಸಿ ತಯಾರಾದ ‘3133’ ಎಂಬ ಕ್ರೊನೊಗ್ರಾಫ್ ಇಂದು ಸಂಗ್ರಾಹಕರ ಅಚ್ಚುಮೆಚ್ಚು.

ಉಳಿದವರು: ‘ಸ್ಲಾವಾ’ (ಕೀರ್ತಿ) ಮಾಸ್ಕೋದ ಎರಡನೆಯ ಕಾರ್ಖಾನೆಯದು. ಅದರ ಹಲವು ಯಂತ್ರಗಳಲ್ಲಿ ಒಂದರ ಬದಲು ಎರಡು ಸ್ಪ್ರಿಂಗ್. ಆ ಕಾರ್ಖಾನೆ ಈಗಿಲ್ಲ. ಪೆಂಜಾದ ‘ಜಾರ್ಯಾ’ (ಅರುಣೋದಯ), ಉಗ್ಲಿಚ್‌ನ ‘ಚಾಯ್ಕಾ’ (ಕಡಲಹಕ್ಕಿ) ಹೆಂಗಸರ ಪುಟ್ಟ ವಾಚುಗಳಿಗೆ ಹೆಸರಾದವು. ‘ಚಾಯ್ಕಾ’ 1963ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ ವಲೆಂತೀನಾ ತೆರೆಷ್ಕೊವಾ ಅವರ ರೇಡಿಯೊ ಸಂಕೇತನಾಮವೂ ಹೌದು. ಚೆಲ್ಯಾಬಿನ್‌ಸ್ಕ್‌ನ ‘ಮೋಲ್ನಿಯಾ’ (ಮಿಂಚು) ಜೇಬುಗಡಿಯಾರಕ್ಕೆ ಪ್ರಸಿದ್ಧ. ‘ಲುಚ್’ (ಕಿರಣ) ವಾಚನ್ನು ರಷ್ಯದ್ದೆಂದು ಮಾರುವುದುಂಟು. ಅದು ಬೆಲಾರೂಸ್ ದೇಶದ ಮಿನ್ಸ್ಕ್‌ನದು.

ನಾಲ್ಕು ಅಂಕಿಯ ಜಾತಕ

ಸೋವಿಯತ್ ಯಂತ್ರಗಳ ಮೇಲೆ ನಾಲ್ಕು ಅಂಕಿಯ ಒಂದು ಸಂಖ್ಯೆ ಕೊರೆದಿರುತ್ತದೆ. ಬಾಯಿಲೆಕ್ಕದಷ್ಟೇ ಸುಲಭವಾದ ಸಂಕೇತ ಇದು. ಮೊದಲ ಎರಡು ಅಂಕಿ ಯಂತ್ರದ ಅಡ್ಡಳತೆ, ಮಿಲಿಮೀಟರಿನಲ್ಲಿ. ಕೊನೆಯ ಎರಡು ಅಂಕಿ ಯಂತ್ರದ ಕೆಲಸ.

‘2409’ ಎಂದರೆ 24 ಮಿ.ಮೀ. ಅಗಲದ ಯಂತ್ರ. 09 ಎಂದರೆ ನಡುವಿನಿಂದ ಹೊರಡುವ ಸೆಕೆಂಡಿನ ಮುಳ್ಳು ಮತ್ತು ಆಘಾತ ರಕ್ಷಣೆ. ‘2414’ ಎಂದರೆ ಅದರ ಮೇಲೆ ತಾರೀಕು. ‘2416’ ಎಂದರೆ ತಾರೀಕಿನ ಜತೆಗೆ, ಕೈಯ ಅಲುಗಾಟದಿಂದ ತಾನೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್. ‘2609’ ರಕೇತಾದ ಹಳೆಯ ಗಟ್ಟಿ ಯಂತ್ರ, ‘2602’ ಪೊಬೇದಾದ್ದು.

ಇದರಿಂದ ಕೊಳ್ಳುವವರಿಗೆ ಏನು ಲಾಭ? ಡಯಲ್ ಮೇಲೆ ತಾರೀಕಿನ ಕಿಂಡಿ ಇದೆ, ಒಳಗೆ ‘2409’ ಇದೆ ಎಂದರೆ ಯಾರೋ ಎರಡು ವಾಚು ಕೂಡಿಸಿ ಒಂದು ಮಾಡಿದ್ದಾರೆ. ಡಯಲ್ ರಕೇತಾ, ಯಂತ್ರದ ಮೇಲೆ ಇನ್ನೊಂದು ಕಾರ್ಖಾನೆಯ ಗುರುತು ಎಂದರೂ ಹಾಗೆಯೇ. ಆದ್ದರಿಂದ ಹಿಂದಿನ ಮುಚ್ಚಳ ತೆಗೆದ ಫೋಟೊ ಕೇಳದೆ ಹಳೆಯ ವಾಚಿಗೆ ಹಣ ಕಳಿಸಬಾರದು. ಪ್ರಾಮಾಣಿಕ ಮಾರಾಟಗಾರ ಕೇಳುವ ಮೊದಲೇ ತೋರಿಸುತ್ತಾನೆ. ‘ಮುಚ್ಚಳ ತೆಗೆಯಲು ಬರುವುದಿಲ್ಲ’ ಎನ್ನುವವನಿಗೆ ಒಂದು ನಮಸ್ಕಾರ ಹಾಕಿ ಮುಂದೆ ಹೋಗುವುದು ಕ್ಷೇಮ.

ಜ್ಯುವೆಲ್ ಎಂಬ ಮಾತಿಗೂ ಮರುಳಾಗಬೇಕಿಲ್ಲ. ಚಕ್ರದ ಅಚ್ಚು ಸವೆಯದಿರಲೆಂದು ಕೂರಿಸುವ ಕೃತಕ ಮಾಣಿಕ್ಯದ ಕಲ್ಲುಗಳವು. ಕೀ ಕೊಡುವ ಸಾಧಾರಣ ವಾಚಿಗೆ 15–17 ಕಲ್ಲು ಸಾಕು. ಆಟೊಮ್ಯಾಟಿಕ್‌ಗೆ ಹೆಚ್ಚು ಬೇಕು, ವೊಸ್ತೋಕ್ 2416ರಲ್ಲಿ 31 ಇವೆ. ಅವುಗಳಿಗೆ ಆಭರಣದ ಬೆಲೆಯೇನೂ ಇಲ್ಲ.

ಯಾವುದಕ್ಕೆ ಎಷ್ಟು?

ವಿದೇಶಿ ಮಾರುಕಟ್ಟೆಯ ಅಂದಾಜು ಬೆಲೆ ಹೀಗಿದೆ. ಡಾಲರಿನ ದರ, ವಾಚಿನ ಸ್ಥಿತಿ, ಮಾರುವವರ ಲಾಭ ಸೇರಿ ಹೆಚ್ಚುಕಡಿಮೆ ಆಗುವುದು ಸಹಜ.

ಸಾಧಾರಣ ಹಳೆಯ ಪೊಬೇದಾ, ಜಾರ್ಯಾ, ಸ್ಲಾವಾ, ರಕೇತಾ: 30ರಿಂದ 100 ಡಾಲರ್, ಅಂದರೆ ಸುಮಾರು ರೂ. 2,500ರಿಂದ 9,000.

ಹೊಸ ವೊಸ್ತೋಕ್, ಕಮಾಂದಿರ್ಸ್ಕಿಯೆ ಅಥವಾ ಅಂಫೀಬಿಯಾ: 80ರಿಂದ 150 ಡಾಲರ್, ಸುಮಾರು ರೂ. 7,000ರಿಂದ 13,000.

24 ಗಂಟೆಯ ಡಯಲ್ ಮುಂತಾದ ಹಳೆಯ ವಿಶೇಷ ರಕೇತಾಗಳು: 80ರಿಂದ 200 ಡಾಲರ್.

ಒಳ್ಳೆಯ ಸ್ಥಿತಿಯ 3133 ಕ್ರೊನೊಗ್ರಾಫ್: 200ರಿಂದ 500 ಡಾಲರ್. ಸೋವಿಯತ್ ಕಾಲದ ಅಸಲಿ ಸ್ತ್ರೆಲಾ ಇದಕ್ಕಿಂತಲೂ ದುಬಾರಿ.

ಪೀಟರ್‌ಹೋಫ್‌ನ ಹೊಸ ರಕೇತಾ: ಸ್ಪ್ರಿಂಗಿನಿಂದ ಹಿಡಿದು ಯಂತ್ರವನ್ನೆಲ್ಲ ತಾನೇ ತಯಾರಿಸುವ ಕಾರ್ಖಾನೆ ಈಗ ಶ್ರೀಮಂತರ ಕಡೆಗೆ ಮುಖ ಮಾಡಿದೆ. ಹೆಚ್ಚಿನವಕ್ಕೆ ಲಕ್ಷ ರೂಪಾಯಿ ಮೀರುತ್ತದೆ.

ಇದರ ಮೇಲೆ ಅಂಚೆ ವೆಚ್ಚ, ಆಮದು ಸುಂಕ, ಜಿಎಸ್‌ಟಿ ಬೀಳುತ್ತವೆ. ಪಾರ್ಸೆಲ್ ಬಾಗಿಲಿಗೆ ಬಂದಾಗ ಅಂಚೆಯವರು ಸುಂಕ ಕೇಳಿದರೆ ಗಾಬರಿಯಾಗದಿರಲು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಇನ್ನೊಂದು ತೊಡಕೂ ಇದೆ. 2022ರ ಮಾರ್ಚ್‌ನಲ್ಲಿ ವೀಸಾ ಮತ್ತು ಮಾಸ್ಟರ್‌ಕಾರ್ಡ್ ಕಂಪನಿಗಳು ರಷ್ಯದಲ್ಲಿ ತಮ್ಮ ವ್ಯವಹಾರ ನಿಲ್ಲಿಸಿದವು. ಆ ಬಳಿಕ ರಷ್ಯದ ಅಂಗಡಿಗೆ ಇಲ್ಲಿಂದ ಕಾರ್ಡಿನಲ್ಲಿ ನೇರ ಹಣ ಕೊಡುವ ದಾರಿ ಕಟ್ಟಿತು. ಹಾಗಾಗಿ ಹಲವರು ಬೇರೆ ದೇಶಗಳ ಮಾರಾಟಗಾರರ ಮೂಲಕ ಕೊಳ್ಳುತ್ತಾರೆ. ಮಧ್ಯವರ್ತಿ ಬಂದಲ್ಲಿ ಬೆಲೆಯೂ ಏರುತ್ತದೆ, ಮೋಸದ ಸಂಭವವೂ ಹೆಚ್ಚುತ್ತದೆ. ‘ಗೆಳೆಯನ ಖಾತೆಗೆ ಹಣ ಹಾಕಿ’ ಎಂದರೆ ಒಪ್ಪಬಾರದು. ವಾಚು ಬಾರದಿದ್ದರೆ ಹಣ ವಾಪಸು ಪಡೆಯುವ ವ್ಯವಸ್ಥೆ ಇರುವ ಕಡೆ ಮಾತ್ರ ಕೊಳ್ಳುವುದು ವಾಸಿ.

ಬಣ್ಣದ ಮಾತು, ಬಣ್ಣದ ಡಯಲ್

ಮೋಸ ಹೋಗುವುದು ಹೆಚ್ಚಾಗಿ ಡಯಲ್‌ನಿಂದ. 1980ರ ದಶಕದ ಕೊನೆಗೆ ಮತ್ತು 1991ರಲ್ಲಿ ಒಕ್ಕೂಟ ಒಡೆದ ಮೇಲೆ ವಿದೇಶಿ ಪ್ರವಾಸಿಗರಿಗೆಂದೇ ಟ್ಯಾಂಕ್, ವಿಮಾನ, ಜಲಾಂತರ್ಗಾಮಿ, ಗುಪ್ತಚರ ಸಂಸ್ಥೆಯ ಲಾಂಛನ ಬರೆದ ವಾಚುಗಳು ರಾಶಿರಾಶಿಯಾಗಿ ಬಂದವು. ‘ಕೆಜಿಬಿ ಅಧಿಕಾರಿಯ ವಾಚು’ ಎಂದು ಕತೆ ಕಟ್ಟಿ ಮಾರುವುದು ಇಂಥವನ್ನೇ. ಒಳಗಿನ ಯಂತ್ರ ಸಾಧಾರಣ ಕಮಾಂದಿರ್ಸ್ಕಿಯೆಯದೇ. ವಾಚು ಕೆಟ್ಟದ್ದಲ್ಲ, ಕತೆಗೆ ಕೊಡುವ ದುಡ್ಡು ಮಾತ್ರ ದಂಡ.

ಇನ್ನೊಂದು ಬಗೆ, ಹಳೆಯ ಡಯಲ್‌ಗೆ ಹೊಸ ಬಣ್ಣ ಬಳಿದದ್ದು. ಭಾರತದಲ್ಲೂ ಈ ಕೈಚಳಕ ಧಾರಾಳ. ಹಳೆಯ ಎಚ್‌ಎಂಟಿ ಕೊಂಡವರಿಗೆ ಇದು ಗೊತ್ತಿರುತ್ತದೆ. ಅಂಕಿಗಳ ಅಂಚು ಮಸುಕು, ಸಾಲು ಸೊಟ್ಟ, ರಷ್ಯನ್ ಅಕ್ಷರಗಳಲ್ಲಿ ತಪ್ಪು, ಅರುವತ್ತು ವರ್ಷದ ವಾಚಿಗೆ ಕಿತ್ತಳೆ–ಹಸಿರು ಬಣ್ಣದ ಥಳಕು ಕಂಡರೆ ಅನುಮಾನ ಪಡಬೇಕು. ತುಸು ಹಳದಿಯಾದ ಅಸಲಿ ಡಯಲ್‌ಗೆ ಹೊಸ ಬಣ್ಣದ ಡಯಲ್‌ಗಿಂತ ಹೆಚ್ಚು ಬೆಲೆ. ಸೋವಿಯತ್ ವಾಚಿನ ಜತೆ ‘ಪಾಸ್‌ಪೋರ್ಟ್’ ಎಂಬ ಪುಟ್ಟ ಕಾಗದ ಬರುತ್ತಿತ್ತು. ಅದು ಸಿಕ್ಕಿ, ಅದರಲ್ಲಿನ ಮಾದರಿ ವಾಚಿಗೆ ಹೊಂದಿದರೆ ಒಳ್ಳೆಯ ಸಾಕ್ಷಿ.

ಮನೆಯಲ್ಲಿ ಮಕ್ಕಳಿದ್ದರೆ ಗಮನಿಸಬೇಕಾದ ಮಾತೊಂದಿದೆ. ಕತ್ತಲಲ್ಲಿ ಹೊಳೆಯಲೆಂದು 1940–50ರ ದಶಕಗಳ ಕೆಲವು ವಾಚುಗಳ ಮುಳ್ಳು, ಅಂಕಿಗಳಿಗೆ ರೇಡಿಯಂ ಲೇಪ ಹಚ್ಚುತ್ತಿದ್ದರು. ಇಂದು ಹೊಳಪು ಆರಿದೆ, ವಿಕಿರಣ ಆರಿಲ್ಲ. ರೇಡಿಯಂನ ಅರ್ಧಾಯುಷ್ಯ 1,600 ವರ್ಷ. ಅಂಥ ವಾಚಿನ ಗಾಜು ಬಿಚ್ಚಿ ಡಯಲ್ ಕೆರೆಯುವ ಸಾಹಸ ಖಂಡಿತ ಬೇಡ.

ಕೊಂಡ ಮೇಲೆ

ಕೀ ಕೊಡುವ ವಾಚಿನಿಂದ ಕ್ವಾರ್ಟ್ಜ್‌ನ ಕರಾರುವಾಕ್ಕು ನಿರೀಕ್ಷಿಸಬಾರದು. ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಪೊಬೇದಾದ ಚಕ್ರ ಬಡಿಯುವುದು ಸೆಕೆಂಡಿಗೆ 5 ಬಾರಿ, ವೊಸ್ತೋಕ್‌ನದು ಐದೂವರೆ. ವೊಸ್ತೋಕ್ ಕಾರ್ಖಾನೆಯೇ ದಿನಕ್ಕೆ 20 ಸೆಕೆಂಡು ಹಿಂದೆ, 60 ಸೆಕೆಂಡು ಮುಂದೆ ಹೋಗುವುದನ್ನು ಸರಿ ಎನ್ನುತ್ತದೆ. ವಾರಕ್ಕೆರಡು ಸಲ ಸಮಯ ತಿದ್ದುವ ತಾಳ್ಮೆ ಇಲ್ಲದವರು ಈ ದಾರಿಗೆ ಬಾರದಿರುವುದೇ ಒಳಿತು. ಇದ್ದಕ್ಕಿದ್ದಂತೆ ವಾಚು ಹತ್ತಾರು ನಿಮಿಷ ಮುಂದೆ ಓಡತೊಡಗಿದರೆ ಅದಕ್ಕೆ ಅಯಸ್ಕಾಂತ ತಗಲಿರಬಹುದು. ಸ್ಪೀಕರ್, ಮೊಬೈಲ್‌ಗಳಿಂದ ದೂರವಿಡಬೇಕು.

ವೊಸ್ತೋಕ್ ಕೈಗೆ ಬಂದ ದಿನವೇ ಹಲವರು ದೂರುತ್ತಾರೆ: ‘ಕೀ ಗುಂಡಿ ಸಡಿಲ, ಅಲ್ಲಾಡುತ್ತದೆ!’ ತಿರುಪು ಬಿಚ್ಚಿದಾಗ ಗುಂಡಿ ಅಲ್ಲಾಡುವುದು ದೋಷವಲ್ಲ. ಹೊರಗಿನ ಪೆಟ್ಟು ಒಳಗಿನ ಕಡ್ಡಿಗೆ ತಗಲದಿರಲೆಂದೇ ಹಾಗೆ ಮಾಡಿದ್ದಾರೆ. ತಾರೀಕು ಬದಲಿಸಲು ಬೇರೆ ಗುಂಡಿಯೂ ಇಲ್ಲ. ಮುಳ್ಳನ್ನು 12 ದಾಟಿಸಿ, ಮತ್ತೆ 8ರವರೆಗೆ ಹಿಂದಕ್ಕೆ ತಂದು, ಪುನಃ 12 ದಾಟಿಸಿದರೆ ಒಂದೊಂದೇ ತಾರೀಕು ಮುಂದೆ ಹೋಗುತ್ತದೆ.

ಮುಖ್ಯ ಪ್ರಶ್ನೆ ರಿಪೇರಿಯದು. ನಾಲ್ಕೈದು ವರ್ಷಕ್ಕೊಮ್ಮೆ ಯಂತ್ರ ಬಿಚ್ಚಿ, ತೊಳೆದು, ಎಣ್ಣೆ ಹಾಕಿಸಬೇಕು. ಕೀ ಕೊಡುವ ಎಚ್‌ಎಂಟಿ ಬಿಚ್ಚಿ ಪಳಗಿದ ಹಿರಿಯ ರಿಪೇರಿಯವರಿಗೆ ಪೊಬೇದಾ, ಕಮಾಂದಿರ್ಸ್ಕಿಯೆ ಕಷ್ಟವೇನಲ್ಲ. ಕ್ರೊನೊಗ್ರಾಫ್ ಹಾಗಲ್ಲ. ಅದನ್ನು ಬಿಚ್ಚಿ ಮತ್ತೆ ಜೋಡಿಸಬಲ್ಲವರು ಊರಿಗೊಬ್ಬರು ಸಿಕ್ಕರೂ ಪುಣ್ಯ. ಹಳೆಯ ವಾಚಿಗೆ ಹಣ ಕೊಡುವ ಮೊದಲು ನಿಮ್ಮೂರಿನ ರಿಪೇರಿ ಅಂಗಡಿಗೆ ಹೋಗಿ ‘ಇದನ್ನು ಬಿಚ್ಚುತ್ತೀರಾ?’ ಎಂದು ಕೇಳಿ ಬರುವುದು ಜಾಣತನ.

ಯಾರಿಗೆ ಯಾವುದು?

ದಿನವೂ ಕಾಲೇಜಿಗೆ ಕಟ್ಟಿಕೊಂಡು ಹೋಗಲು, ಮಳೆಯಲ್ಲಿ ನೆನೆಯಲು, ಬಸ್ಸಿನಲ್ಲಿ ನೇತಾಡಲು ಹೊಸ ಅಂಫೀಬಿಯಾ ಸರಿ. ಯಂತ್ರ ಹೇಗೆ ಓಡುತ್ತದೆಂದು ತಿಳಿಯುವ ಕುತೂಹಲವಿರುವ ಹುಡುಗ ಹುಡುಗಿಯರಿಗೆ ಸಾಧಾರಣ ಹಳೆಯ ಪೊಬೇದಾ ಅಥವಾ ರಕೇತಾ ಸಾಕು. ಪಾಠ ದೊಡ್ಡದು, ಖರ್ಚು ಸಣ್ಣದು. ಕ್ರೊನೊಗ್ರಾಫ್ ಆಸೆ ಇದ್ದರೆ ಸ್ವಂತ ಸಂಪಾದನೆ ಬರುವವರೆಗೆ ಕಾಯುವುದು ಲೇಸು. ಕೆಲವು ಪ್ರವೇಶ ಪರೀಕ್ಷೆಗಳಿಗೆ ಯಾವ ಕೈಗಡಿಯಾರವನ್ನೂ ಒಳಗೆ ಬಿಡುವುದಿಲ್ಲ. ಪರೀಕ್ಷೆಗೆ ಬೇಕೆಂಬ ನೆಪ ಹೇಳುವ ಮಕ್ಕಳಿಗೆ ತಂದೆತಾಯಿ ಇದನ್ನು ನೆನಪಿಸಬಹುದು!

ಕೊನೆಯ ಮಾತು: ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅಜ್ಜನ ಎಚ್‌ಎಂಟಿ ಮೌನವಾಗಿ ಕುಳಿತಿದ್ದರೆ ಮೊದಲು ಅದನ್ನು ತೆಗೆದು ರಿಪೇರಿಯವರ ಮುಂದಿಡಿ. ಅವರು ಮುಚ್ಚಳ ತೆರೆದು, ಸ್ಪ್ರಿಂಗ್ ಯಾವುದು, ಬ್ಯಾಲೆನ್ಸ್ ಚಕ್ರ ಯಾವುದು, ಕೆಂಪು ಕಲ್ಲು ಎಲ್ಲಿದೆ ಎಂದು ಮಗುವಿಗೆ ತೋರಿಸಲಿ. ಒಂದು ಯಂತ್ರದ ಒಳಗನ್ನು ಕಣ್ಣಾರೆ ಕಂಡವರನ್ನು ಇನ್ನೊಂದರ ಮುಖ ತೋರಿಸಿ ಮೋಸಗೊಳಿಸುವುದು ಅಷ್ಟು ಸುಲಭವಲ್ಲ. ರಷ್ಯದ ವಾಚು ಆಮೇಲೆ ಬರಲಿ.